ಇಂಗ್ಲಿಷ್ ಎಲ್ಲಿಯವರೆಗೆ ನಡೆಯುತ್ತದೆ? ರಫ್ತುದಾರರು ಅರಿಯಬೇಕಾದ ಭಾಷಾ ನಕಾಶೆ

ನಮ್ಮ ಸಂಸ್ಥೆಯ ಸಭೆಗಳಲ್ಲಿ ರಫ್ತಿನ ವಿಚಾರ ಬಂದಾಗಲೆಲ್ಲ ಎರಡು ಮಾತುಗಳು ತಪ್ಪದೆ ಕೇಳಿಬರುತ್ತವೆ. "ಇಂಗ್ಲಿಷ್ ಒಂದಿದ್ದರೆ ಸಾಕು, ಪ್ರಪಂಚದ ಯಾವ ಮೂಲೆಗಾದರೂ ಮಾಲು ಕಳುಹಿಸಬಹುದು" ಎಂಬುದು ಮೊದಲನೆಯದು. "ನಮಗೆ ಇಂಗ್ಲಿಷ್ ಅಷ್ಟಾಗಿ ಬಾರದು, ಆದ್ದರಿಂದ ರಫ್ತು ನಮ್ಮಂಥವರಿಗೆ ಹೇಳಿಸಿದ್ದಲ್ಲ" ಎಂಬುದು ಎರಡನೆಯದು. ಮೊದಲನೆಯ ಮಾತನ್ನು ನಂಬಿ ನಷ್ಟ ಅನುಭವಿಸಿದವರು ನಮ್ಮಲ್ಲಿದ್ದಾರೆ. ಎರಡನೆಯ ಮಾತನ್ನು ನಂಬಿ, ಒಳ್ಳೆಯ ಸರಕನ್ನು ತಯಾರಿಸುತ್ತಿದ್ದರೂ ಹೊರದೇಶದ ವಿಚಾರಣಾ ಪತ್ರಕ್ಕೆ ಉತ್ತರವನ್ನೇ ಬರೆಯದೆ ಸುಮ್ಮನಾದವರು ಇನ್ನೂ ಹೆಚ್ಚಿನ ಸಂಖ್ಯೆಯಲ್ಲಿದ್ದಾರೆ.

ಇಂಗ್ಲಿಷ್ ಭಾಷೆಯು ಪ್ರಪಂಚದಲ್ಲಿ ಎಲ್ಲೆಲ್ಲಿ, ಯಾರ ನಡುವೆ, ಯಾವ ಕೆಲಸಕ್ಕಾಗಿ ಬಳಕೆಯಾಗುತ್ತಿದೆ ಎಂಬುದನ್ನು ಸರಿಯಾಗಿ ಅರಿತರೆ ಈ ಎರಡು ಮಾತುಗಳೂ ಅರ್ಧಸತ್ಯಗಳೆಂದು ತಿಳಿಯುತ್ತದೆ. ಇದು ಭಾಷಾಶಾಸ್ತ್ರಜ್ಞರಿಗೆ ಮಾತ್ರ ಸೇರಿದ ವಿಷಯವಲ್ಲ. ಸರಕಿನ ಮೇಲೆ ಚೀಟಿ ಅಂಟಿಸುವವರಿಗೂ, ಯಂತ್ರದ ಜೊತೆಗೆ ಕೈಪಿಡಿ ಇಡುವವರಿಗೂ, ದರಪಟ್ಟಿ ಕಳುಹಿಸುವವರಿಗೂ ಇದು ಲಾಭನಷ್ಟದ ಪ್ರಶ್ನೆ. ಆದ್ದರಿಂದ ಸ್ವಂತ ಅನುಭವದಿಂದಲೇ ಆರಂಭಿಸುತ್ತೇನೆ.

ಒಂದು ಗೇರ್‌ಬಾಕ್ಸ್ ಕಲಿಸಿದ ಪಾಠ

ನಮ್ಮದು ಎಣ್ಣೆ ತೆಗೆಯುವ ಯಂತ್ರಗಳನ್ನು ತಯಾರಿಸುವ ಸಣ್ಣ ಘಟಕ. ಕೆಲವು ವರ್ಷಗಳ ಹಿಂದೆ ಪಶ್ಚಿಮ ಆಫ್ರಿಕದ ಘಾನಾ ದೇಶಕ್ಕೆ ನಾಲ್ಕು ಯಂತ್ರಗಳನ್ನು ಕಳುಹಿಸಿದ್ದೆವು. ಪತ್ರವ್ಯವಹಾರ, ದರಪಟ್ಟಿ, ಕೈಪಿಡಿ ಎಲ್ಲವೂ ಇಂಗ್ಲಿಷಿನಲ್ಲಿಯೇ ಇದ್ದವು. ಯಂತ್ರಗಳು ಸರಿಯಾಗಿ ನಡೆದವು, ಹಣವೂ ಸಕಾಲಕ್ಕೆ ಬಂತು. ಮರುವರ್ಷ ಪಕ್ಕದ ಟೋಗೋ ದೇಶದ ಗಿರಾಕಿಯೊಬ್ಬರಿಂದ ಒಂದು ಯಂತ್ರಕ್ಕೆ ಬೇಡಿಕೆ ಬಂದಿತು. ಅದು ತೃಪ್ತಿಕರವಾಗಿದ್ದರೆ ಇನ್ನೂ ಆರು ಯಂತ್ರಗಳನ್ನು ಕೊಳ್ಳುವುದಾಗಿ ಅವರು ತಿಳಿಸಿದ್ದರು. ಅದೇ ಯಂತ್ರ, ಅದೇ ಕೈಪಿಡಿ. ನಾವು ಹೆಚ್ಚಿಗೆ ಯೋಚಿಸಲಿಲ್ಲ.

ಸಾಗಣೆಯಲ್ಲಿ ಸೋರಬಾರದೆಂದು ಗೇರ್‌ಬಾಕ್ಸಿನ ಎಣ್ಣೆಯನ್ನು ಪೂರ್ತಿಯಾಗಿ ಬಸಿದು ಕಳುಹಿಸುವುದು ನಮ್ಮ ಪದ್ಧತಿ. ಯಂತ್ರವನ್ನು ಚಾಲೂ ಮಾಡುವ ಮೊದಲು ಎಣ್ಣೆ ತುಂಬಿರಿ ಎಂದು ಕೈಪಿಡಿಯ ಮೊದಲ ಪುಟದಲ್ಲಿಯೂ, ಗೇರ್‌ಬಾಕ್ಸಿಗೆ ಕಟ್ಟಿದ ಕೆಂಪು ಚೀಟಿಯಲ್ಲಿಯೂ ದಪ್ಪ ಅಕ್ಷರಗಳಲ್ಲಿ ಬರೆದಿದ್ದೆವು. ಬರೆದದ್ದು ಇಂಗ್ಲಿಷಿನಲ್ಲಿ. ಟೋಗೋದ ಆಡಳಿತ ಭಾಷೆ ಫ್ರೆಂಚ್. ಅಲ್ಲಿನ ಕಾರ್ಮಿಕ ಚೀಟಿಯನ್ನು ಬಿಚ್ಚಿ ಬದಿಗಿಟ್ಟು ಯಂತ್ರವನ್ನು ಚಾಲೂ ಮಾಡಿದ. ಒಂದು ಗಂಟೆ ಕಳೆಯುವುದರೊಳಗೆ ಹಲ್ಲುಚಕ್ರಗಳು ಬಿಸಿಯೇರಿ ಕಚ್ಚಿಕೊಂಡವು. ಹೊಸ ಗೇರ್‌ಬಾಕ್ಸನ್ನು ನಮ್ಮ ಖರ್ಚಿನಲ್ಲಿಯೇ ವಿಮಾನದ ಮೂಲಕ ಕಳುಹಿಸಿಕೊಟ್ಟೆವು. ಆದರೆ ಆ ಆರು ಯಂತ್ರಗಳ ಬೇಡಿಕೆ ಫ್ರೆಂಚ್ ಕೈಪಿಡಿ ಕೊಟ್ಟ ಬೇರೊಬ್ಬ ಸರಬರಾಜುದಾರನಿಗೆ ಹೋಯಿತು.

ಇಷ್ಟೇ ಆಗಿದ್ದರೆ "ಅದು ಫ್ರೆಂಚರ ವಸಾಹತಾಗಿದ್ದ ದೇಶ, ನಮಗೆ ತಿಳಿದಿರಬೇಕಿತ್ತು" ಎಂದು ಸಮಾಧಾನಪಟ್ಟುಕೊಳ್ಳಬಹುದಿತ್ತು. ಅನಂತರ ಘಾನಾದ ಗಿರಾಕಿಯನ್ನು ವಿಚಾರಿಸಿದಾಗ ಇನ್ನೊಂದು ಸಂಗತಿ ಹೊರಬಿತ್ತು. ಅಲ್ಲಿಯೂ ಯಂತ್ರ ನಡೆಸುವವನು ನಮ್ಮ ಇಂಗ್ಲಿಷ್ ಕೈಪಿಡಿಯನ್ನು ಓದಿರಲಿಲ್ಲ. ಇಂಗ್ಲಿಷ್ ಬಲ್ಲ ವ್ಯಾಪಾರಿಯ ಮೇಸ್ತ್ರಿಯೊಬ್ಬ ಅದನ್ನು ಓದಿ, ಅಲ್ಲಿನ ಜನರ ಮಾತಿನಲ್ಲಿ ಕಾರ್ಮಿಕನಿಗೆ ವಿವರಿಸಿದ್ದ. ನಾವು ಇಂಗ್ಲಿಷಿನ ಗೆಲುವೆಂದು ತಿಳಿದದ್ದು ವಾಸ್ತವವಾಗಿ ಆ ಮೇಸ್ತ್ರಿಯ ಉಪಕಾರವಾಗಿತ್ತು. ಇಂಗ್ಲಿಷ್ ಕಚೇರಿಯ ಮೇಜಿನವರೆಗೆ ಹೋಗಿತ್ತು; ಯಂತ್ರದ ಬಳಿಗೆ ಹೋಗಿರಲಿಲ್ಲ.

ಸಂಖ್ಯೆಗಳು ಹೇಳುವುದೇನು?

ಪ್ರಪಂಚದಲ್ಲಿ ಇಂಗ್ಲಿಷನ್ನು ಒಂದಲ್ಲ ಒಂದು ಮಟ್ಟದಲ್ಲಿ ಬಳಸಬಲ್ಲವರ ಸಂಖ್ಯೆ ಸುಮಾರು 150 ಕೋಟಿ ಎಂಬ ಅಂದಾಜಿದೆ. ಇವರಲ್ಲಿ ಅದನ್ನು ಮಾತೃಭಾಷೆಯಾಗಿ ಪಡೆದವರು 40 ಕೋಟಿಯ ಆಸುಪಾಸಿನಲ್ಲಿದ್ದಾರೆ. ಅಂದರೆ ಇಂಗ್ಲಿಷ್ ಬಳಸುವ ನಾಲ್ವರಲ್ಲಿ ಸುಮಾರು ಮೂವರು ನಮ್ಮಂತೆಯೇ ಶಾಲೆಯಲ್ಲಿಯೋ ಕೆಲಸದ ನಿಮಿತ್ತವೋ ಅದನ್ನು ಕಲಿತವರು. ಈ ಸಂಖ್ಯೆಯನ್ನು ಇನ್ನೊಂದು ಕಡೆಯಿಂದಲೂ ನೋಡಬೇಕು. ಪ್ರಪಂಚದ ಜನಸಂಖ್ಯೆ 800 ಕೋಟಿಯನ್ನು ದಾಟಿದೆ. ಐವರಲ್ಲಿ ನಾಲ್ವರಿಗೆ ಇಂಗ್ಲಿಷ್ ಬಾರದು. ಅವರೂ ಸಾಬೂನು, ಪಂಪುಸೆಟ್ಟು, ಬಟ್ಟೆಬರೆಗಳನ್ನು ಕೊಳ್ಳುವವರೇ.

ಕಾಶ್ಮೀರದಲ್ಲಿ ಜನಿಸಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದ ಬ್ರಜ್ ಕಚ್ರು ಅವರು 1980ರ ದಶಕದಲ್ಲಿ ಇಂಗ್ಲಿಷಿನ ಜಗತ್ತನ್ನು ಮೂರು ವರ್ತುಲಗಳಾಗಿ ವಿಂಗಡಿಸಿದರು. ಇಂಗ್ಲಿಷ್ ಮನೆಮಾತಾಗಿರುವ ಬ್ರಿಟನ್, ಅಮೆರಿಕ, ಆಸ್ಟ್ರೇಲಿಯ ಮುಂತಾದವು ಒಳವರ್ತುಲದಲ್ಲಿವೆ. ಬ್ರಿಟಿಷರ ಅಥವಾ ಅಮೆರಿಕನ್ನರ ಆಳ್ವಿಕೆಯ ಫಲವಾಗಿ ಅದು ಆಡಳಿತ ಮತ್ತು ಶಿಕ್ಷಣದ ಭಾಷೆಯಾಗಿ ಉಳಿದಿರುವ ಭಾರತ, ನೈಜೀರಿಯ, ಸಿಂಗಪುರ, ಫಿಲಿಪ್ಪೀನ್ಸ್‌ನಂಥವು ಹೊರವರ್ತುಲದಲ್ಲಿವೆ. ಅದನ್ನು ಪರಭಾಷೆಯಾಗಿಯೇ ಕಲಿಯುವ ಚೀನ, ಜಪಾನ್, ರಷ್ಯಗಳಂಥವು ವಿಸ್ತರಿಸುತ್ತಿರುವ ವರ್ತುಲದಲ್ಲಿವೆ. ಈ ವಿಂಗಡಣೆಯನ್ನು ಕುರಿತು ವಿದ್ವಾಂಸರಲ್ಲಿ ಚರ್ಚೆಗಳಿದ್ದರೂ ವ್ಯಾಪಾರಸ್ಥನಿಗೆ ಇದು ಉಪಯುಕ್ತ ನಕಾಶೆ. ಪ್ರತಿಯೊಂದು ವರ್ತುಲದಲ್ಲಿಯೂ ನಮಗೆ ಎದುರಾಗುವ ಪ್ರಶ್ನೆ ಬೇರೆ.

ತವರು ನಾಡುಗಳಲ್ಲಿಯೂ ಎಚ್ಚರ ಅಗತ್ಯ

ಒಳವರ್ತುಲದ ದೇಶಗಳಲ್ಲಿ ಭಾಷೆಯ ತೊಂದರೆಯೇ ಇಲ್ಲವೆಂಬುದು ಸಾಮಾನ್ಯ ನಂಬಿಕೆ. ಕೆನಡವನ್ನು ನೋಡೋಣ. ಅಲ್ಲಿ ಇಂಗ್ಲಿಷ್ ಮತ್ತು ಫ್ರೆಂಚ್ ಎರಡೂ ಅಧಿಕೃತ ಭಾಷೆಗಳು. ಗ್ರಾಹಕರಿಗಾಗಿ ಪೊಟ್ಟಣ ಕಟ್ಟಿದ ಸರಕಿನ ಮೇಲೆ ಎರಡೂ ಭಾಷೆಗಳಲ್ಲಿ ವಿವರವಿರಬೇಕೆಂಬುದು ಅಲ್ಲಿನ ಕಾನೂನು. ಕ್ವಿಬೆಕ್ ಪ್ರಾಂತ್ಯವು 1977ರಲ್ಲಿ ಫ್ರೆಂಚ್ ಭಾಷಾ ಸನ್ನದನ್ನು ಜಾರಿಗೆ ತಂದು, 2022ರಲ್ಲಿ ಅದನ್ನು ಮತ್ತಷ್ಟು ಬಿಗಿಗೊಳಿಸಿತು. ಇಂಗ್ಲಿಷ್ ಮಾತ್ರವೇ ಇರುವ ಪೊಟ್ಟಣ ಟೊರಾಂಟೊ ನಗರದ ಗಿರಾಕಿಗೆ ಅರ್ಥವಾದೀತು, ಆದರೆ ಕಾನೂನಿಗೆ ಒಪ್ಪಿಗೆಯಾಗದು.

ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಎರಡು ಶತಮಾನಗಳಿಗೂ ಹೆಚ್ಚು ಕಾಲ ರಾಷ್ಟ್ರಮಟ್ಟದಲ್ಲಿ ಅಧಿಕೃತ ಭಾಷೆಯೇ ಇರಲಿಲ್ಲವೆಂಬುದು ಅನೇಕರಿಗೆ ಆಶ್ಚರ್ಯವೆನಿಸಬಹುದು. 2025ರ ಮಾರ್ಚ್ ತಿಂಗಳಲ್ಲಿ ಅಧ್ಯಕ್ಷರ ಆಜ್ಞೆಯೊಂದರ ಮೂಲಕ ಇಂಗ್ಲಿಷಿಗೆ ಆ ಸ್ಥಾನ ದೊರೆಯಿತು. ಹಾಗಿದ್ದರೂ ಅಲ್ಲಿ ಐವರಲ್ಲಿ ಒಬ್ಬರು ಮನೆಯಲ್ಲಿ ಬೇರೆ ಭಾಷೆಯನ್ನಾಡುತ್ತಾರೆ. ಸ್ಪ್ಯಾನಿಷ್ ಮನೆಮಾತಾಗಿರುವವರೇ 4 ಕೋಟಿಗೂ ಹೆಚ್ಚು. ಅಲ್ಲಿನ ಅಂಗಡಿಗಳಲ್ಲಿ ಅನೇಕ ಪದಾರ್ಥಗಳ ಮೇಲೆ ಸ್ಪ್ಯಾನಿಷ್ ಬರಹ ಇರುವುದು ಕಾನೂನಿನ ಒತ್ತಾಯದಿಂದಲ್ಲ, ಮಾರಾಟದ ಅನುಕೂಲಕ್ಕಾಗಿ.

ಇಂಗ್ಲಿಷರೊಳಗೇ ಅಳತೆ ತೂಕಗಳ ಗೊಂದಲವೂ ಉಂಟು. ಬ್ರಿಟಿಷ್ ಗ್ಯಾಲನ್ ಸುಮಾರು 4.546 ಲೀಟರಾದರೆ ಅಮೆರಿಕದ ಗ್ಯಾಲನ್ ಸುಮಾರು 3.785 ಲೀಟರು. ಅಮೆರಿಕದ ಟನ್ 907 ಕಿಲೋ, ಹಳೆಯ ಬ್ರಿಟಿಷ್ ಟನ್ 1016 ಕಿಲೋ, ನಾವು ಬಳಸುವ ಮೆಟ್ರಿಕ್ ಟನ್ 1000 ಕಿಲೋ. 5/6 ಎಂದು ಬರೆದ ದಿನಾಂಕ ನಮಗೂ ಬ್ರಿಟಿಷರಿಗೂ ಜೂನ್ 5. ಅಮೆರಿಕದವರಿಗೆ ಮೇ 6. ಸರಕು ಹಡಗಿಗೇರುವ ಕೊನೆಯ ದಿನವನ್ನು ಹೀಗೆ ಬರೆದು ಒಂದು ತಿಂಗಳ ವ್ಯತ್ಯಾಸಕ್ಕೆ ಗುರಿಯಾಗುವುದು ಕಷ್ಟವೇನಲ್ಲ. ತಿಂಗಳ ಹೆಸರನ್ನು ಅಕ್ಷರಗಳಲ್ಲಿಯೇ ಬರೆಯುವುದು ಇದಕ್ಕೆ ಸುಲಭ ಪರಿಹಾರ.

ಆಡಳಿತದ ಭಾಷೆ ಬೇರೆ, ಪೇಟೆಯ ಭಾಷೆ ಬೇರೆ

ನಮ್ಮ ಸದಸ್ಯರು ಹೆಚ್ಚಾಗಿ ಎಡವುವುದು ಹೊರವರ್ತುಲದಲ್ಲಿ. ಇಂಗ್ಲಿಷಿಗೆ ಅಧಿಕೃತ ಸ್ಥಾನ ಕೊಟ್ಟಿರುವ ರಾಷ್ಟ್ರಗಳ ಸಂಖ್ಯೆ 50ಕ್ಕೂ ಮಿಕ್ಕಿದೆ. ಆದರೆ ಅಧಿಕೃತ ಸ್ಥಾನವೆಂದರೆ ಶಾಸನಸಭೆ, ನ್ಯಾಯಾಲಯ, ಬ್ಯಾಂಕು, ವಿಶ್ವವಿದ್ಯಾಲಯಗಳಲ್ಲಿ ಬಳಕೆ ಎಂದರ್ಥವೇ ಹೊರತು ಸಂತೆಪೇಟೆಗಳಲ್ಲಿ ಬಳಕೆ ಎಂದಲ್ಲ.

ಪಶ್ಚಿಮ ಆಫ್ರಿಕದ ಕರಾವಳಿಯಲ್ಲಿ ಆಬಿಜಾನಿನಿಂದ ಲಾಗೋಸಿನವರೆಗೆ ಸುಮಾರು 1000 ಕಿಲೋಮೀಟರಿನ ಹೆದ್ದಾರಿಯಿದೆ. ಈ ಹಾದಿ ಐದು ದೇಶಗಳನ್ನು ಹಾದುಹೋಗುತ್ತದೆ. ಐವರಿ ಕೋಸ್ಟಿನಲ್ಲಿ ಫ್ರೆಂಚ್, ಘಾನಾದಲ್ಲಿ ಇಂಗ್ಲಿಷ್, ಟೋಗೋ ಮತ್ತು ಬೆನಿನ್‌ಗಳಲ್ಲಿ ಫ್ರೆಂಚ್, ನೈಜೀರಿಯದಲ್ಲಿ ಮತ್ತೆ ಇಂಗ್ಲಿಷ್. ಹೀಗೆ ಸುಂಕದ ಕಟ್ಟೆ ಬದಲಾದಂತೆ ಕಾಗದಪತ್ರಗಳ ಭಾಷೆ ಬದಲಾಗುತ್ತದೆ. ಪೇಟೆಯ ಭಾಷೆ ಮಾತ್ರ ಆ ಗಡಿಗಳನ್ನು ಲೆಕ್ಕಿಸದು. ಘಾನಾದ ಪೂರ್ವಭಾಗದಲ್ಲಿಯೂ ಟೋಗೋದಲ್ಲಿಯೂ ಎವೆ ಭಾಷೆಯನ್ನಾಡುವ ಜನರಿದ್ದಾರೆ. ಬೆನಿನ್ ಮತ್ತು ನೈಜೀರಿಯಗಳೆರಡರಲ್ಲಿಯೂ ಯೊರುಬಾ ನಡೆಯುತ್ತದೆ. ಗಡಿಯ ಎರಡೂ ಬದಿಯ ವ್ಯಾಪಾರಿಗಳು ತಮ್ಮ ನುಡಿಯಲ್ಲಿಯೇ ದರ ಕುದುರಿಸಿಕೊಂಡು, ದಾಖಲೆಯನ್ನು ಮಾತ್ರ ಒಂದು ಕಡೆ ಇಂಗ್ಲಿಷಿನಲ್ಲಿಯೂ ಇನ್ನೊಂದು ಕಡೆ ಫ್ರೆಂಚಿನಲ್ಲಿಯೂ ಬರೆಸುತ್ತಾರೆ.

20 ಕೋಟಿಗೂ ಹೆಚ್ಚು ಜನಸಂಖ್ಯೆಯ ನೈಜೀರಿಯದಲ್ಲಿ 500ಕ್ಕೂ ಹೆಚ್ಚು ಭಾಷೆಗಳಿವೆ. ಉತ್ತರದ ಕಾನೋ ನಗರದ ಪೇಟೆಯಲ್ಲಿ ಹೌಸಾ ಭಾಷೆಯದೇ ಪ್ರಾಬಲ್ಯ. ದಕ್ಷಿಣದ ನಗರಗಳಲ್ಲಿ ನಾನಾ ಭಾಷಿಕರನ್ನು ಬೆಸೆಯುವುದು ಪಿಜಿನ್ ಎಂಬ ಮಿಶ್ರ ನುಡಿ. ಇದರ ಪದಗಳು ಬಹುಮಟ್ಟಿಗೆ ಇಂಗ್ಲಿಷಿನವು, ವ್ಯಾಕರಣ ಬೇರೆ. ಬಿಬಿಸಿ ಸಂಸ್ಥೆಯು 2017ರಲ್ಲಿ ಈ ನುಡಿಯಲ್ಲಿ ಪ್ರತ್ಯೇಕ ಸುದ್ದಿಸೇವೆಯನ್ನೇ ಆರಂಭಿಸಿತು.

ಪೂರ್ವ ಆಫ್ರಿಕದ ಕೀನ್ಯದಲ್ಲಿ 2010ರ ಸಂವಿಧಾನದ ಪ್ರಕಾರ ಸ್ವಾಹಿಲಿ ಮತ್ತು ಇಂಗ್ಲಿಷ್ ಎರಡೂ ಅಧಿಕೃತ ಭಾಷೆಗಳು. ನೆರೆಯ ಟಾಂಜಾನಿಯದಲ್ಲಿ ಸ್ವಾಹಿಲಿಯ ಬಳಕೆ ಇನ್ನೂ ವ್ಯಾಪಕ. ಈ ಭಾಷೆ ನಮ್ಮ ವರ್ತಕರಿಗೆ ಪೂರ್ತಿ ಅಪರಿಚಿತವೇನಲ್ಲ. ಅದರಲ್ಲಿ ಅಂಗಡಿಗೆ 'ದುಕಾ', ವಾಹನಕ್ಕೆ 'ಗಾರಿ', ವಿಮೆಗೆ 'ಬೀಮಾ', ಹಣದ ಪತ್ರಕ್ಕೆ 'ಹುಂಡಿ' ಎನ್ನುತ್ತಾರೆ. ಹಿಂದೂ ಮಹಾಸಾಗರದ ಹಾಯಿಹಡಗುಗಳ ಕಾಲದ ವ್ಯಾಪಾರದ ಗುರುತುಗಳು ಇವು. ಆ ಕಾಲದ ವರ್ತಕ ಇಂಗ್ಲಿಷಿಗಾಗಿ ಕಾಯದೆ ಗಿರಾಕಿಯ ನುಡಿಯನ್ನು ಕಲಿತ, ತನ್ನ ನುಡಿಯ ಕೆಲವು ಪದಗಳನ್ನು ಅಲ್ಲಿ ಬಿಟ್ಟುಬಂದ.

ಇಂಗ್ಲಿಷಿನ ನಕಾಶೆ ನಿಂತ ನೀರಲ್ಲ. ಬೆಲ್ಜಿಯಮ್ಮಿನ ಆಳ್ವಿಕೆಯಲ್ಲಿದ್ದು ಫ್ರೆಂಚ್ ಬಳಸುತ್ತಿದ್ದ ರುವಾಂಡ 2008ರಲ್ಲಿ ಶಿಕ್ಷಣ ಮಾಧ್ಯಮವನ್ನು ಇಂಗ್ಲಿಷಿಗೆ ಬದಲಾಯಿಸಿ, ಮರುವರ್ಷ ಕಾಮನ್‌ವೆಲ್ತ್ ಕೂಟವನ್ನು ಸೇರಿತು. ನಮ್ಮ ಗೇರ್‌ಬಾಕ್ಸ್ ಸುಟ್ಟುಹೋದ ಟೋಗೋ ಕೂಡ 2022ರಲ್ಲಿ ಗಬಾನಿನೊಡನೆ ಅದೇ ಕೂಟದ ಸದಸ್ಯ ರಾಷ್ಟ್ರವಾಯಿತು. ಆದರೆ ಸರ್ಕಾರದ ತೀರ್ಮಾನ ಕಾರ್ಖಾನೆಯ ನೆಲಕ್ಕೆ ಇಳಿಯಲು ಒಂದು ತಲೆಮಾರಾದರೂ ಬೇಕು. 1990ರಲ್ಲಿ ಸ್ವತಂತ್ರವಾದ ನಮೀಬಿಯ ಇಂಗ್ಲಿಷೊಂದನ್ನೇ ಅಧಿಕೃತ ಭಾಷೆಯಾಗಿ ಸ್ವೀಕರಿಸಿತು. ಇಂದಿಗೂ ಅಲ್ಲಿ ಅದನ್ನು ಮನೆಮಾತಾಗಿ ಬಳಸುವವರು ಅಲ್ಪಸಂಖ್ಯಾತರು.

ಏಷ್ಯದಲ್ಲಿಯೂ ವೈವಿಧ್ಯವಿದೆ. ಸಿಂಗಪುರದಲ್ಲಿ ಮಲಯ, ಚೀನಿ, ತಮಿಳು, ಇಂಗ್ಲಿಷ್ ಎಂಬ ನಾಲ್ಕು ಅಧಿಕೃತ ಭಾಷೆಗಳಿದ್ದರೂ, 2020ರ ಜನಗಣತಿಯ ವೇಳೆಗೆ ಅರ್ಧದಷ್ಟು ಜನ ಮನೆಯಲ್ಲಿಯೂ ಇಂಗ್ಲಿಷನ್ನೇ ಹೆಚ್ಚಾಗಿ ಆಡುತ್ತಿದ್ದರು. ಅಲ್ಲಿ ಇಂಗ್ಲಿಷನ್ನು ನಂಬಿ ವ್ಯವಹರಿಸಬಹುದು. ಮಾರಿಷಸ್ಸಿನಲ್ಲಿ ಶಾಸನಸಭೆಯ ಭಾಷೆ ಇಂಗ್ಲಿಷಾದರೂ ಪತ್ರಿಕೆಗಳು ಬಹುಪಾಲು ಫ್ರೆಂಚಿನಲ್ಲಿವೆ, ಬೀದಿಯ ಮಾತು ಕ್ರಿಯೋಲ್. ಮೂರನ್ನೂ 'ಇಂಗ್ಲಿಷ್ ದೇಶ' ಎಂಬ ಒಂದೇ ಪಟ್ಟಿಯಲ್ಲಿ ಸೇರಿಸುವ ಸಿಂಗಪುರ, ನಮೀಬಿಯ, ಮಾರಿಷಸ್ಸುಗಳು ವ್ಯಾಪಾರಿಗೆ ಮೂರು ಬೇರೆ ಬೇರೆ ಮಾರುಕಟ್ಟೆಗಳು.

ಇದನ್ನು ಅರ್ಥಮಾಡಿಕೊಳ್ಳಲು ನಾವು ದೂರ ಹೋಗಬೇಕಾದುದಿಲ್ಲ. ನಮ್ಮ ದೇಶವನ್ನೂ ಹೊರಗಿನವರು 'ಇಂಗ್ಲಿಷ್ ನಡೆಯುವ ದೇಶ' ಎಂದೇ ಗುರುತಿಸುತ್ತಾರೆ. 2011ರ ಜನಗಣತಿಯಲ್ಲಿ ಇಂಗ್ಲಿಷನ್ನು ಮಾತೃಭಾಷೆ ಎಂದು ಬರೆಸಿದವರು ಸುಮಾರು 2.6 ಲಕ್ಷ ಮಂದಿ ಮಾತ್ರ. ಎರಡನೆಯ ಅಥವಾ ಮೂರನೆಯ ಭಾಷೆಯಾಗಿ ಬಲ್ಲವರನ್ನು ಸೇರಿಸಿದರೆ ಸುಮಾರು 13 ಕೋಟಿ. ಹತ್ತರಲ್ಲಿ ಒಬ್ಬರಿಗಿಂತ ಸ್ವಲ್ಪ ಹೆಚ್ಚು. ವಿದೇಶದ ಕಂಪನಿಯೊಂದು ಕಳೆನಾಶಕದ ಡಬ್ಬಿಯ ಮೇಲೆ ಇಂಗ್ಲಿಷಿನಲ್ಲಿ ಮಾತ್ರ ಸೂಚನೆ ಮುದ್ರಿಸಿ ನಮ್ಮ ರೈತರಿಗೆ ಮಾರಿದರೆ ಏನಾದೀತೆಂದು ನಮಗೆ ಗೊತ್ತು. ಆದರೆ ನಾವು ನೈಜೀರಿಯಕ್ಕೆ ಸ್ಪ್ರೇಯರು ಕಳುಹಿಸುವಾಗ ಅದೇ ತಪ್ಪನ್ನು ಮಾಡುತ್ತೇವೆ. ಇದಕ್ಕೆ ಒಂದು ಕಾರಣವೂ ಇದೆ. ಪೊಟ್ಟಣ ಕಟ್ಟಿದ ಸರಕುಗಳ ಮೇಲಿನ ವಿವರಗಳು ಹಿಂದಿ ಅಥವಾ ಇಂಗ್ಲಿಷಿನಲ್ಲಿದ್ದರೆ ಸಾಕೆಂದು 2011ರ ಕಾನೂನು ಮಾಪನ ನಿಯಮಗಳು ಹೇಳುತ್ತವೆ. ಇಲ್ಲಿ ಕಾನೂನು ಒಪ್ಪುವ ಇಂಗ್ಲಿಷ್ ಚೀಟಿಯನ್ನೇ ಹೊರದೇಶಕ್ಕೂ ಅಂಟಿಸಿ ಕಳುಹಿಸುವುದು ನಮಗೆ ಅಭ್ಯಾಸವಾಗಿಬಿಟ್ಟಿದೆ.

ನಮ್ಮ ಸರಕು ಹೋಗುತ್ತಿರುವುದು ಎಲ್ಲಿಗೆ?

ಮೂರನೆಯ ವರ್ತುಲದ ದೇಶಗಳು ನಮಗೆ ದೂರದವೆಂದು ಭಾವಿಸಬಾರದು. ಭಾರತದ ಕಾಫಿಯಲ್ಲಿ ಸುಮಾರು ಶೇಕಡ 70ರಷ್ಟು ಬೆಳೆಯುವುದು ಕರ್ನಾಟಕದಲ್ಲಿ. ಅದನ್ನು ಕೊಳ್ಳುವವರಲ್ಲಿ ಇಟಲಿ ಮುಂಚೂಣಿಯಲ್ಲಿದ್ದು, ಜರ್ಮನಿ, ರಷ್ಯ, ಬೆಲ್ಜಿಯಂಗಳು ದೊಡ್ಡ ಗಿರಾಕಿಗಳು. ಇವುಗಳಲ್ಲಿ ಒಂದೂ ಇಂಗ್ಲಿಷ್ ನಾಡಲ್ಲ. 1990ರ ದಶಕದ ಆರಂಭದಲ್ಲಿ ಕರ್ನಾಟಕದಲ್ಲಿಯೇ ಮೊದಲಾದ ಗೆರ್ಕಿನ್ ಅಥವಾ ಮಿಡಿಸೌತೆಯ ರಫ್ತು ಅಮೆರಿಕದ ಜೊತೆಗೆ ಯೂರೋಪಿನ ಹಲವು ದೇಶಗಳನ್ನೂ ರಷ್ಯವನ್ನೂ ಅವಲಂಬಿಸಿದೆ.

ಯೂರೋಪು ಒಕ್ಕೂಟದಲ್ಲಿ 24 ಅಧಿಕೃತ ಭಾಷೆಗಳಿವೆ. 2020ರಲ್ಲಿ ಬ್ರಿಟನ್ ಒಕ್ಕೂಟವನ್ನು ತೊರೆದ ಬಳಿಕ ಇಂಗ್ಲಿಷನ್ನು ಅಧಿಕೃತ ಭಾಷೆಯಾಗಿ ಹೊಂದಿರುವ ಸದಸ್ಯ ರಾಷ್ಟ್ರಗಳೆಂದರೆ ಐರ್ಲೆಂಡ್ ಮತ್ತು ಮಾಲ್ಟ ಮಾತ್ರ. 2012ರಲ್ಲಿ ಒಕ್ಕೂಟವು ನಡೆಸಿದ ಸಮೀಕ್ಷೆಯಲ್ಲಿ, ಇಂಗ್ಲಿಷಿನಲ್ಲಿ ಸಂಭಾಷಿಸಬಲ್ಲೆವೆಂದು ಹೇಳಿದವರು ನೆದರ್‌ಲೆಂಡ್ಸಿನಲ್ಲಿ ಶೇಕಡ 90, ಜರ್ಮನಿಯಲ್ಲಿ 56, ಫ್ರಾನ್ಸಿನಲ್ಲಿ 39, ಇಟಲಿಯಲ್ಲಿ 34, ಸ್ಪೇನಿನಲ್ಲಿ 22. ಅನಂತರದ ವರ್ಷಗಳಲ್ಲಿ ಯುವಜನರಿಂದಾಗಿ ಈ ಪ್ರಮಾಣ ಏರಿರುವುದು ನಿಜ. ಆದರೂ ರಾಟರ್‌ಡಮ್ಮಿನ ಬಂದರಿನಲ್ಲಿ ನಡೆದಷ್ಟು ಸಲೀಸಾಗಿ ನಮ್ಮ ಇಂಗ್ಲಿಷ್ ಸ್ಪೇನಿನ ಸಣ್ಣ ಪಟ್ಟಣದ ಕಾರ್ಖಾನೆಯಲ್ಲಿ ನಡೆಯದು.

ಯಂತ್ರ ತಯಾರಕರು ಗಮನಿಸಬೇಕಾದ ಅಂಶ ಇನ್ನೊಂದಿದೆ. ಒಕ್ಕೂಟದ 2006ರ ಯಂತ್ರೋಪಕರಣ ನಿರ್ದೇಶನದ ಪ್ರಕಾರ, ಯಂತ್ರ ಮಾರಾಟವಾಗುವ ಸದಸ್ಯ ರಾಷ್ಟ್ರದ ಭಾಷೆಯಲ್ಲಿ ಬಳಕೆಯ ಸೂಚನೆಗಳಿರಬೇಕು. ಅದರ ಸ್ಥಾನಕ್ಕೆಂದು 2023ರಲ್ಲಿ ಅಂಗೀಕೃತವಾದ ನಿಯಮಾವಳಿಯೂ ಭಾಷೆಯ ಈ ಹೊಣೆಯನ್ನು ಮುಂದುವರಿಸಿದೆ. ಫ್ರಾನ್ಸಿನಲ್ಲಿ ಸರಕಿನ ವಿವರ, ಜಾಹೀರಾತು, ಬಳಕೆಯ ವಿಧಾನಗಳಲ್ಲಿ ಫ್ರೆಂಚನ್ನು ಕಡ್ಡಾಯಗೊಳಿಸುವ ಕಾನೂನು 1994ರಿಂದಲೂ ಇದೆ. ಕೊಲ್ಲಿ ರಾಷ್ಟ್ರಗಳ ವಿಷಯವೂ ಹೀಗೆಯೇ. ದುಬೈಯ ಪೇಟೆಯಲ್ಲಿ ಹಿಂದಿ, ಉರ್ದು, ಮಲಯಾಳಂಗಳಲ್ಲಿ ವ್ಯವಹರಿಸಬಹುದು, ಕಚೇರಿಯಲ್ಲಿ ಇಂಗ್ಲಿಷ್ ಸಾಕು. ಆದರೆ ಆಹಾರ ಪದಾರ್ಥದ ಪೊಟ್ಟಣದ ಮೇಲೆ ಅರಬ್ಬಿ ಬರಹ ಇರಲೇಬೇಕು. ಮಾತಿನ ಸಲುಗೆಯನ್ನು ನಂಬಿ ಚೀಟಿಯನ್ನು ಮರೆತರೆ ಸರಕು ಬಂದರಿನಲ್ಲಿ ಉಳಿಯುತ್ತದೆ, ಅದರ ಬಾಡಿಗೆಯನ್ನು ನಾವು ತೆರಬೇಕಾಗುತ್ತದೆ.

ದಕ್ಷಿಣ ಅಮೆರಿಕ ಖಂಡದಲ್ಲಿ ಇಂಗ್ಲಿಷ್ ಅಧಿಕೃತ ಭಾಷೆಯಾಗಿರುವ ಸ್ವತಂತ್ರ ದೇಶ ಗಯಾನ ಒಂದೇ. ಮಧ್ಯ ಅಮೆರಿಕದಲ್ಲಿ ಬೆಲೀಜ್ ಒಂದೇ. ಉಳಿದೆಡೆ ಬಹುಪಾಲು ಸ್ಪ್ಯಾನಿಷ್, ಬ್ರೆಜಿಲಿನಲ್ಲಿ ಪೋರ್ಚುಗೀಸ್. ಆ ವಿಶಾಲ ಮಾರುಕಟ್ಟೆಯನ್ನು ನಮ್ಮ ಸಣ್ಣ ಉದ್ದಿಮೆಗಳು ಅಷ್ಟಾಗಿ ಮುಟ್ಟದಿರಲು ದೂರದಷ್ಟೇ ಭಾಷೆಯೂ ಕಾರಣವೆಂಬುದು ನನ್ನ ಅಭಿಪ್ರಾಯ.

ಚೀನದವರು ಈ ಪಾಠವನ್ನು ನಮಗಿಂತ ಬೇಗ ಕಲಿತರು. 2001ರಿಂದ ಅಲ್ಲಿನ ಶಾಲೆಗಳಲ್ಲಿ ಮೂರನೆಯ ತರಗತಿಯಿಂದ ಇಂಗ್ಲಿಷ್ ಕಲಿಸುವ ನೀತಿ ಬಂದಿತು. ಆದರೆ ಅವರು ಅಷ್ಟಕ್ಕೆ ನಿಲ್ಲಲಿಲ್ಲ. ಸಣ್ಣಪುಟ್ಟ ಸರಕುಗಳಿಗೆ ಪ್ರಪಂಚದಲ್ಲೇ ಹೆಸರಾದ ಯಿವು ಪಟ್ಟಣದ ಮಾರುಕಟ್ಟೆಗೆ ಬರುವ ಅರಬ್ ವ್ಯಾಪಾರಿಗಳಿಗಾಗಿ ಅರಬ್ಬಿ ಬಲ್ಲ ದುಭಾಷಿಗಳು ಅಲ್ಲಿ ನೆಲೆಯೂರಿದ್ದಾರೆ. ಇಂಗ್ಲಿಷಿನಲ್ಲಿ ನಮ್ಮೊಡನೆ ಸರಿಸಾಟಿಯಲ್ಲದವರು ಗಿರಾಕಿಯ ಭಾಷೆಯನ್ನು ಹಿಡಿದು ನಮ್ಮನ್ನು ಹಿಂದಿಕ್ಕಿದ್ದಾರೆ.

ಇಂಗ್ಲಿಷಿಗೆ ಅಂಜಬೇಕಾದುದಿಲ್ಲ

ಹಾಗಾದರೆ ಇಂಗ್ಲಿಷ್ ಬೇಡವೇ? ಖಂಡಿತ ಬೇಕು. ನಮ್ಮ ಸಾಲಪತ್ರ, ಹಡಗಿನ ರಸೀದಿ, ವಿಮಾಪತ್ರ, ಕರಾರುಗಳು ಬಹುತೇಕ ಇಂಗ್ಲಿಷಿನಲ್ಲಿಯೇ ಇರುತ್ತವೆ. ಸಾಲಪತ್ರದ ಒಕ್ಕಣೆಗೂ ನಾವು ಸಲ್ಲಿಸುವ ದಾಖಲೆಗಳ ಒಕ್ಕಣೆಗೂ ತಾಳೆಯಾಗದಿದ್ದರೆ ಬ್ಯಾಂಕು ಹಣ ಪಾವತಿಯನ್ನು ನಿರಾಕರಿಸಬಹುದು. ಟೋಗೋದ ಗಿರಾಕಿ ನಮಗೆ ಮೊದಲು ಬರೆದದ್ದೂ ಇಂಗ್ಲಿಷಿನಲ್ಲಿಯೇ.

ಆದರೆ ಈ ಕೆಲಸಕ್ಕೆ ಬೇಕಾದ ಇಂಗ್ಲಿಷ್ ಕಾನ್ವೆಂಟ್ ಶಾಲೆಯ ಇಂಗ್ಲಿಷಲ್ಲ. ಕೊರಿಯದವನು ಬ್ರೆಜಿಲಿನವನಿಗೆ ಬರೆಯುವ ಇಂಗ್ಲಿಷಿನಲ್ಲಿ ಇಬ್ಬರಿಗೂ ಅದು ಕಲಿತ ಭಾಷೆ. ಅಲ್ಲಿ ಬೇಕಾದದ್ದು ಚಿಕ್ಕ ವಾಕ್ಯ, ಒಂದು ಪದಕ್ಕೆ ಒಂದೇ ಅರ್ಥ, ಖಚಿತ ಸಂಖ್ಯೆ. ಸಮುದ್ರಯಾನದಲ್ಲಿ ನಾನಾ ದೇಶಗಳ ನಾವಿಕರು ತಪ್ಪು ತಿಳಿಯಬಾರದೆಂದು ಅಂತರರಾಷ್ಟ್ರೀಯ ಸಾಗರಯಾನ ಸಂಸ್ಥೆಯು 2001ರಲ್ಲಿ ಸರಳ ಇಂಗ್ಲಿಷಿನ ಸಿದ್ಧ ವಾಕ್ಯಗಳ ಪಟ್ಟಿಯೊಂದನ್ನು ಅಂಗೀಕರಿಸಿತು. ಪ್ರಾಣ ಉಳಿಸುವ ಕೆಲಸಕ್ಕೇ ಇಂಥ ಇಂಗ್ಲಿಷ್ ಸಾಕಾದರೆ ಪಂಪುಸೆಟ್ಟಿನ ದರಪಟ್ಟಿಗೂ ಸಾಕು. ಕನ್ನಡ ಮಾಧ್ಯಮದಲ್ಲಿ ಓದಿ, ತಮ್ಮ ಕಸುಬಿನ ಇನ್ನೂರು ಮುನ್ನೂರು ಪದಗಳನ್ನು ಚೆನ್ನಾಗಿ ಅರಿತವರು ಈ ಮಟ್ಟದ ಇಂಗ್ಲಿಷನ್ನು ಕೆಲವು ತಿಂಗಳುಗಳಲ್ಲಿ ಕಲಿಯಬಲ್ಲರು.

ಅಲಂಕಾರದ ಇಂಗ್ಲಿಷ್ ಬಲ್ಲವರೇ ಕೆಲವೊಮ್ಮೆ ತೊಡಕು ತರುತ್ತಾರೆ. ನಮ್ಮ 'ಲಾಖ್', 'ಕ್ರೋರ್'ಗಳು ಹೊರಗಿನವರಿಗೆ ತಿಳಿಯವು. 1,00,000 ಎಂದು ಅಲ್ಪವಿರಾಮವಿಟ್ಟರೆ ಅವರು ಸೊನ್ನೆಗಳನ್ನು ಎಣಿಸುತ್ತಾ ಕೂರಬೇಕಾಗುತ್ತದೆ. ಸರ್ಕಾರಿ ಕಚೇರಿಗಳಿಂದ ನಾವು ಕಲಿತ 'ಡೂ ದ ನೀಡ್‌ಫುಲ್' ಎಂಬ ಪದಗುಚ್ಛದಿಂದ ಗಿರಾಕಿ ನಿಖರವಾಗಿ ಏನು ಮಾಡಬೇಕೆಂಬುದು ಅವನಿಗೆ ಗೊತ್ತಾಗದು.

ಮಾಡಬೇಕಾದುದೇನು?

ಹೊಸ ದೇಶವೊಂದಕ್ಕೆ ಸರಕು ಕಳುಹಿಸುವ ಮೊದಲು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಒಳ್ಳೆಯದು. ಕಾಗದಪತ್ರಗಳು ಯಾವ ಭಾಷೆಯಲ್ಲಿರಬೇಕು? ಚೀಟಿ ಮತ್ತು ಕೈಪಿಡಿಗಳ ಭಾಷೆಯ ಬಗ್ಗೆ ಆ ದೇಶದ ಕಾನೂನು ಏನು ಹೇಳುತ್ತದೆ? ಕೊನೆಗೆ ಸರಕನ್ನು ಕೈಯಲ್ಲಿ ಹಿಡಿದು ಬಳಸುವವನು ಯಾವ ಭಾಷೆಯನ್ನು ಓದಬಲ್ಲ? ಮೊದಲ ಪ್ರಶ್ನೆಗೆ ಉತ್ತರ ಬಹಳ ಸಲ ಇಂಗ್ಲಿಷ್ ಎಂದಿರುತ್ತದೆ. ಎರಡನೆಯದಕ್ಕೆ ಕೆಲವು ಸಲ, ಮೂರನೆಯದಕ್ಕೆ ಅಪರೂಪಕ್ಕೊಮ್ಮೆ.

ಅನುವಾದದ ವೆಚ್ಚವನ್ನು ಸಣ್ಣ ಘಟಕಗಳು ಹೊರಲಾರವೆಂಬ ಆಕ್ಷೇಪಣೆ ಸಹಜವೇ. ನಾನೂ ಹಾಗೆಯೇ ಎಣಿಸಿದ್ದೆ. ಹನ್ನೆರಡು ಪುಟದ ಕೈಪಿಡಿಯ ಅನುವಾದ ಒಮ್ಮೆ ಮಾತ್ರ ಮಾಡುವ ಖರ್ಚು. ವಿಮಾನದಲ್ಲಿ ಕಳುಹಿಸಿದ ಗೇರ್‌ಬಾಕ್ಸಿನ ಬಾಡಿಗೆ ಅದಕ್ಕಿಂತ ಹೆಚ್ಚಾಯಿತು. ಕೈಯಲ್ಲಿರುವ ಫೋನೇ ಅನುವಾದ ಮಾಡಿಕೊಡುವ ಈ ಕಾಲದಲ್ಲಿ ಖರ್ಚೇಕೆ ಎನ್ನುವವರೂ ಇದ್ದಾರೆ. ವಿಚಾರಣಾ ಪತ್ರದ ಸಾರಾಂಶ ತಿಳಿಯಲು ಅದು ನಿಜಕ್ಕೂ ಉಪಕಾರಿ. ನಾನೂ ದಿನನಿತ್ಯ ಬಳಸುತ್ತೇನೆ. ಆದರೆ ಕರಾರು ಮತ್ತು ಕೈಪಿಡಿಗಳನ್ನು ಅದಕ್ಕೆ ಒಪ್ಪಿಸಿ ನಿಶ್ಚಿಂತರಾಗುವಂತಿಲ್ಲ. ಇಂಗ್ಲಿಷಿನ 'ನಟ್' ಎಂಬ ಪದ ಬೋಲ್ಟಿಗೆ ಹಾಕುವ ನಟ್ಟೂ ಹೌದು, ಎಣ್ಣೆ ತೆಗೆಯುವ ಕಾಯಿಯೂ ಹೌದು. ಫ್ರೆಂಚಿನಲ್ಲಿ ಮೊದಲನೆಯದು 'ಎಕ್ರೂ', ಎರಡನೆಯದು 'ನ್ವಾ'. ಎಣ್ಣೆ ಯಂತ್ರದ ಕೈಪಿಡಿಯಲ್ಲಿ ಇವೆರಡೂ ಅದಲುಬದಲಾದರೆ ಆಗುವ ಅನರ್ಥವನ್ನು ಊಹಿಸಿಕೊಳ್ಳಬಹುದು. ಯಂತ್ರಾನುವಾದವನ್ನು ಆ ಭಾಷೆ ಬಲ್ಲವರೊಬ್ಬರು ಓದಿ ತಿದ್ದಲೇಬೇಕು. ಕರಾರು ಎರಡು ಭಾಷೆಗಳಲ್ಲಿದ್ದರೆ ಭಿನ್ನಾಭಿಪ್ರಾಯ ಬಂದಾಗ ಯಾವ ಪಾಠ ಅಂತಿಮವೆಂಬುದನ್ನು ಅದರಲ್ಲಿಯೇ ಬರೆದಿಡಬೇಕು.

ಒಬ್ಬೊಬ್ಬರಿಗೆ ಹೊರೆಯಾಗುವುದನ್ನು ನಾವೆಲ್ಲ ಸೇರಿ ಹಗುರ ಮಾಡಿಕೊಳ್ಳಬಹುದು. ಫ್ರೆಂಚ್, ಸ್ಪ್ಯಾನಿಷ್, ಅರಬ್ಬಿ, ಸ್ವಾಹಿಲಿ, ರಷ್ಯನ್ ಭಾಷೆಗಳನ್ನು ಬಲ್ಲ ಅನುವಾದಕರ ಪಟ್ಟಿಯೊಂದನ್ನು ನಮ್ಮ ಸಂಸ್ಥೆ ಸಿದ್ಧಪಡಿಸಿ ಸದಸ್ಯರಿಗೆ ಒದಗಿಸಲಿ. ವಿಶ್ವವಿದ್ಯಾಲಯಗಳಲ್ಲಿ ವಿದೇಶಿ ಭಾಷೆ ಕಲಿಯುತ್ತಿರುವ ವಿದ್ಯಾರ್ಥಿಗಳಿಗೂ, ಆಯಾ ದೇಶಗಳಲ್ಲಿ ನೆಲೆಸಿರುವ ಕನ್ನಡಿಗರಿಗೂ ಇದರಲ್ಲಿ ಪಾತ್ರವಿರಲಿ. ಒಂದೇ ಬಗೆಯ ಸರಕು ತಯಾರಿಸುವವರು ಕೂಡಿ ತಮ್ಮ ಕಸುಬಿನ ಪದಗಳ ಬಹುಭಾಷಾ ಪಟ್ಟಿಯನ್ನು ಮಾಡಿಕೊಳ್ಳಲಿ. ಸಾಲಪತ್ರ, ದರಪಟ್ಟಿ, ದೂರಿನ ಉತ್ತರ ಮುಂತಾದವನ್ನು ಸರಳ ಇಂಗ್ಲಿಷಿನಲ್ಲಿ ಓದಿ ಬರೆಯುವ ತರಬೇತಿಯನ್ನು ಕನ್ನಡದಲ್ಲಿ ವಿವರಿಸುತ್ತ ನಡೆಸಿದರೆ, ಹಿಂಜರಿದು ಕೂತಿರುವ ಅನೇಕ ಸದಸ್ಯರು ಮುಂದೆ ಬಂದಾರು.

ಟೋಗೋದ ಘಟನೆಯಾದ ಮೇಲೆ ನಮ್ಮ ಘಟಕದಲ್ಲಿ ಒಂದು ಬದಲಾವಣೆ ಮಾಡಿದೆವು. ಗೇರ್‌ಬಾಕ್ಸಿಗೆ ಕಟ್ಟುವ ಕೆಂಪು ಚೀಟಿಯಲ್ಲಿ ಈಗ ಇಂಗ್ಲಿಷ್, ಫ್ರೆಂಚ್, ಸ್ವಾಹಿಲಿ, ಅರಬ್ಬಿ ಭಾಷೆಗಳ ಒಂದೊಂದು ಸಾಲಿದೆ. ಓದುಬರಹ ಬಾರದವರಿಗೂ ತಿಳಿಯಲೆಂದು ಎಣ್ಣೆ ಡಬ್ಬಿಯಿಂದ ಗೇರ್‌ಬಾಕ್ಸಿಗೆ ಎಣ್ಣೆ ಸುರಿಯುವ ಚಿತ್ರವನ್ನೂ ಅದರ ಕೆಳಗೆ ಮುದ್ರಿಸಿದ್ದೇವೆ. ಚಾಲೂ ಮಾಡುವ ಗುಂಡಿಯ ಮೇಲೆಯೇ ಅದನ್ನು ಅಂಟಿಸುವುದರಿಂದ, ಅದನ್ನು ಕಿತ್ತ ಹೊರತು ಯಂತ್ರ ಚಾಲೂ ಆಗದು. ಆ ಚೀಟಿಗೆ ತಗಲುವ ಖರ್ಚು ಅತ್ಯಲ್ಪ. ಸದಸ್ಯ ಬಾಂಧವರು ತಮ್ಮ ತಮ್ಮ ಸರಕಿನ ಚೀಟಿಯನ್ನೊಮ್ಮೆ ಕೈಗೆತ್ತಿಕೊಂಡು, ಇದನ್ನು ಕೊನೆಗೆ ಓದುವವರು ಯಾರು ಎಂದು ಯೋಚಿಸಬೇಕೆಂಬುದು ನನ್ನ ವಿನಂತಿ.